ಚಾವಿ ಕೊಟ್ಟ ಮೇಲೆ ಗಾಡಿ ಯಾರ ಜಿಮ್ಮಾ?

ತಮ್ಮಾ, ಪಾಸಿಂಗಿಗೆ ಒಯ್ದ ಗಾಡಿ ಮೂತಿ ಜಜ್ಜಿಸಿಕೊಂಡು ಬಂತೆಂದು ನಿಮ್ಮವ್ವ ಹೇಳಿದಳು. ಬ್ರೇಕ್ ನೋಡುತ್ತೇನೆಂದು ಚಾವಿ ಇಸಗೊಂಡವನು ಕಂಬಕ್ಕೆ ಗುದ್ದಿದನಂತೆ. ಬಂಪರ್ ಹೋಗಿದೆ, ಎಡಗಡೆಯ ಹೆಡ್‌ಲೈಟ್ ಒಡೆದಿದೆ, ರೇಡಿಯೇಟರ್ ಸೋರುತ್ತಿದೆ. ಅಲ್ಲಿ ನೀನೂ ಬಾಯಿ ಮಾಡಿದಿ, ಅವರೂ ಬಾಯಿ ಮಾಡಿದರು. ಕಡೆಗೆ ‘ಹಳೇ ಗಾಡಿ ಅದ, ಬ್ರೇಕ್ ಹಿಡೀಲಿಲ್ಲ, ನಾವೇನ್ ಮಾಡ್ಬೇಕು’ ಎಂದು ಕೈ ಝಾಡಿಸಿದರು. ಯಾವ ಅಂಗಳ, ಯಾವ ಮನುಷ್ಯ ಎಂಬುದು ನಮ್ಮೊಳಗೇ ಇರಲಿ. ಹೆಸರು ಹಿಡಿದು ಬಜಾರಿನಲ್ಲಿ ಬೈದರೆ ಹೊಟ್ಟೆಯ ಉರಿ ತಣ್ಣಗಾದೀತು, ರೊಕ್ಕವೇನೂ ಬರುವುದಿಲ್ಲ.

ಶಹಾಪುರದ ಕೋರ್ಟಿನ ಅಂಗಳದಲ್ಲಿ ವಕೀಲರ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ವಾದ ಮಾಡಿದವನಲ್ಲ, ವಾದ ಮಾಡುವವರ ಫೈಲು ಹೊತ್ತವನು. ಯಾರ ಫೈಲು ನಿಲ್ಲುತ್ತದೆ, ಯಾರದು ಮೊದಲ ತಾರೀಖಿಗೇ ಮಕಾಡೆ ಬೀಳುತ್ತದೆ ಎಂಬುದನ್ನು ಮಾತ್ರ ಹತ್ತಿರದಿಂದ ಕಂಡಿದ್ದೇನೆ. ಅನ್ಯಾಯ ಎಷ್ಟು ದೊಡ್ಡದು ಎನ್ನುವುದರ ಮೇಲೆ ಅದು ನಿಂತಿರುವುದಿಲ್ಲ. ಗಾಡಿ ಯಾರ ಕೈಯಲ್ಲಿದ್ದಾಗ ಮುರಿಯಿತು, ಕೈಗೆ ಕೊಡುವ ಮೊದಲು ಹೇಗಿತ್ತು ಎಂಬೆರಡನ್ನು ಕಾಗದದ ಮೇಲೆ ತೋರಿಸಬಲ್ಲವನು ಮುಂದೆ ಹೋಗುತ್ತಾನೆ. ಅದಕ್ಕೇ ಮೊದಲು ಕಾಗದದ ಮಾತು.

ಇವತ್ತೇ ಕೂತು ಒಂದು ಅರ್ಜಿ ಬರಿ. ಕನ್ನಡದಲ್ಲೇ ಬರಿ, ಒಂದು ಪುಟ ಸಾಕು. ತಾರೀಖು, ಹೊತ್ತು, ಗಾಡಿ ನಂಬರು, ಕಟ್ಟಿದ ಫೀಯ ರಸೀದಿ ನಂಬರು, ಚಾವಿ ಯಾರು ಇಸಗೊಂಡರು, ಎಲ್ಲಿ ಗುದ್ದಿತು, ಏನೇನು ಮುರಿಯಿತು, ಆಗ ಅಲ್ಲಿ ಯಾರಿದ್ದರು ಎಂಬಷ್ಟನ್ನು ಬರಿ. ‘ದರ್ಪದಿಂದ’, ‘ಬೇಕಂತಲೇ’ ಎಂಬ ಮಾತುಗಳನ್ನು ತೆಗೆದುಹಾಕು. ಬೇಕಂತಲೇ ಮಾಡಿದ ಎಂದು ಬರೆದೆಯೆಂದರೆ ಅದನ್ನು ಸಾಬೀತು ಮಾಡುವ ಭಾರವೂ ನಿನ್ನ ತಲೆಯ ಮೇಲೇ ಬೀಳುತ್ತದೆ. ಅಜಾಗರೂಕತೆ ಎಂದು ಬರೆದರೆ ಸಾಕು, ಪರಿಹಾರಕ್ಕೆ ಅದೇ ನೆಲೆ. ಎರಡು ಪ್ರತಿ ಮಾಡಿಸಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಠಸ್ಸೆ ಹಾಕಿಸಿಕೊ. ‘ಇಟ್ಟು ಹೋಗು, ನೋಡ್ತೀವಿ’ ಎಂದರೆ ಇಟ್ಟು ಬರಬೇಡ. ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆಯನ್ನು ತೆಗೆದಿಟ್ಟುಕೊ.

ಅರ್ಜಿಯ ಕೊನೆಗೆ ಇನ್ನೊಂದು ಸಾಲು ಇರಲೇಬೇಕು: ಆ ದಿನದ ಸಿಸಿ ಕ್ಯಾಮೆರಾದ ಚಿತ್ರಣ ಅಳಿಸದೆ ಕಾಯ್ದಿಡಬೇಕು ಎಂದು. ಕ್ಯಾಮೆರಾದ ಡಬ್ಬಿ ತುಂಬಿದಂತೆ ಹಳೆಯದರ ಮೇಲೆ ಹೊಸದು ಬಂದು ಕೂಡುತ್ತದೆ, ಯಾರೂ ಬೇಕಂತ ಅಳಿಸಬೇಕಾಗಿಲ್ಲ. ಸರ್ಕಾರಿ ಕಚೇರಿಯಾದರೆ ಮಾಹಿತಿ ಹಕ್ಕಿನ ಕಾಯ್ದೆಯಡಿ 10 ರೂಪಾಯಿ ಕಟ್ಟಿ ಆ ಚಿತ್ರಣವನ್ನೂ ಪರೀಕ್ಷೆಯ ದಾಖಲೆಯನ್ನೂ ಕೇಳು. ಅವರಿಗೆ 30 ದಿನದ ಗಡುವು. ಚಿತ್ರಣ ಅಷ್ಟರೊಳಗೆ ಅಳಿಸಿಹೋದರೆ, ‘ಕಾಯ್ದಿಡಿ’ ಎಂದು ನೀನು ಬರೆದುಕೊಟ್ಟ ಕಾಗದವೇ ನಾಳೆ ಅವರನ್ನು ಪ್ರಶ್ನೆ ಕೇಳುತ್ತದೆ.

ಫೋಟೊ ತೆಗೆದಿದ್ದೀಯಂತೆ, ಒಳ್ಳೆಯದಾಯಿತು. ಅದನ್ನು ವಾಟ್ಸ್‌ಆ್ಯಪಿನಲ್ಲಿ ಹತ್ತು ಮಂದಿಗೆ ಕಳಿಸಿ ಮೂಲವನ್ನು ಅಳಿಸಿಬಿಡಬೇಡ. ಯಾವಾಗ, ಯಾವ ಫೋನಿನಲ್ಲಿ ತೆಗೆದದ್ದು ಎಂಬ ಒಳಗಿನ ಗುರುತು ಮೂಲದಲ್ಲಿ ಮಾತ್ರ ಉಳಿಯುತ್ತದೆ, ವಾಟ್ಸ್‌ಆ್ಯಪ್ ಅದನ್ನು ಕಿತ್ತುಹಾಕುತ್ತದೆ. ನಾಳೆ ನ್ಯಾಯಾಲಯದಲ್ಲಿ ಅದನ್ನು ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರವೂ ಬೇಕು. ಅದು ವಕೀಲರ ಕೆಲಸ, ನೀನು ಫೋನು ಬದಲಿಸದಿದ್ದರೆ ಸಾಕು.

ಠಾಣೆಗೆ ಹೋಗಲೇ ಎಂದು ಕೇಳಿದಿಯಂತೆ. ಹೋಗು, ಆದರೆ ಅವರು ಎಫ್‌ಐಆರ್ ಮಾಡಿ ಅವನನ್ನು ಎಳೆತರುತ್ತಾರೆ ಎಂಬ ಆಸೆ ಇಟ್ಟುಕೊಂಡು ಹೋಗಬೇಡ. ಆಸ್ತಿಗೆ ನಷ್ಟ ಮಾಡಿದ ಅಪರಾಧ ನಿಲ್ಲಬೇಕಾದರೆ ಅವನಿಗೆ ಆ ಉದ್ದೇಶವೋ, ನಷ್ಟವಾಗುತ್ತದೆ ಎಂಬ ತಿಳಿವಳಿಕೆಯೋ ಇರಬೇಕು. ಕೈತಪ್ಪಿ ಗುದ್ದಿದ್ದಕ್ಕೆ ಅದು ಹತ್ತುವುದಿಲ್ಲ. ಲಿಖಿತ ಮಾಹಿತಿ ಕೊಟ್ಟು, ‘ಇದು ಸಿವಿಲ್ ಸ್ವರೂಪದ್ದು’ ಎಂಬ ಹಿಂಬರಹವಾದರೂ ತೆಗೆದುಕೊಂಡು ಬಾ. ಮಂದಿ ಆ ಹಿಂಬರಹವನ್ನು ಸೋಲೆಂದು ತಿಳಿದು ಹರಿದೊಗೆಯುತ್ತಾರೆ. ಘಟನೆ ನಡೆದದ್ದನ್ನು ನೀನು ತಡಮಾಡದೆ ಹೇಳಿದ್ದೀ ಎಂಬುದಕ್ಕೆ ತಾರೀಖು ಸಮೇತದ ಸರ್ಕಾರಿ ಸಾಕ್ಷಿ ಅದು.

ಈಗ ನಿನ್ನ ಒಳಗಿನ ಭಯಕ್ಕೆ ಬರುತ್ತೇನೆ. ಅರ್ಜಿ ಕೊಟ್ಟರೆ ಪಾಸಿಂಗ್ ತಡೆಹಿಡಿಯುತ್ತಾರೆ, ಈ ವರ್ಷ ಗಾಡಿ ಮನೆ ಮುಂದೆ ನಿಲ್ಲುತ್ತದೆ, ಕಂತು ಕಟ್ಟುವುದು ಹೇಗೆ ಎಂಬ ಭಯ. ನಮ್ಮ ಕಡೆ ಕ್ರೂಸರ್ ಓಡಿಸುವವರು, ಟಂಟಂ ಓಡಿಸುವವರು ಎಲ್ಲರೂ ಇದೇ ಭಯಕ್ಕೆ ಒಡೆದ ಗ್ಲಾಸು, ಹರಿದ ಬೂಟು ಎಲ್ಲ ನುಂಗಿಕೊಂಡು ಮನೆಗೆ ಬರುತ್ತಾರೆ. ಏಜೆಂಟರೂ ‘ಬಿಡ್ರಿ, ಮುಂದಿನ ವರ್ಷ ಮತ್ತ ಇವರ ಕಡೀಗೇ ಬರ್ಬೇಕಲ್ಲ’ ಎಂದು ಗಾಳಿ ಹಾಕುತ್ತಾರೆ. ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ನಿನ್ನ ಗಾಡಿಗೆ 9 ವರ್ಷ. ಹಳದಿ ಬೋರ್ಡಿನ ಗಾಡಿಗೆ 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಾಸಿಂಗ್. ಅವಧಿ ದಾಟಿದರೆ ದಿನಕ್ಕೆ 50 ರೂಪಾಯಿ ಬೇರೆ ಏರುತ್ತದೆ. ಅವರ ಬಾಗಿಲು ನಿನಗೆ ತಪ್ಪಿದ್ದಲ್ಲ.

ಆದರೆ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಓದಿದ ಏಜೆಂಟನನ್ನು ನಾನು ಇನ್ನೂ ಕಂಡಿಲ್ಲ. ಫಿಟ್‌ನೆಸ್ ಕೊಡುವುದಿಲ್ಲ ಎಂದರೆ ಏಕೆ ಕೊಡುವುದಿಲ್ಲ ಎಂಬ ಕಾರಣವನ್ನು ಲಿಖಿತದಲ್ಲಿ ಮಾಲೀಕನಿಗೆ ಕೊಡಬೇಕೆಂದು ಅಲ್ಲಿ ಸ್ಪಷ್ಟವಾಗಿದೆ. ಆ ಕಾರಣ ಸರಿಕಾಣದಿದ್ದರೆ 57ನೇ ಸೆಕ್ಷನ್ನಿನಲ್ಲಿ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಇನ್ನು ನಿನ್ನ ಪ್ರಕರಣದಲ್ಲಿ ಇದಕ್ಕೊಂದು ಒಳಗುಟ್ಟಿದೆ, ಗಮನವಿಟ್ಟು ಕೇಳು. ಬ್ರೇಕ್ ಹಿಡಿಯಲಿಲ್ಲ, ಅದಕ್ಕೇ ಗುದ್ದಿತು ಎಂದು ಅವರು ಬಾಯಲ್ಲಿ ಹೇಳುತ್ತಿದ್ದಾರೆ. ಹಾಗಾದರೆ ಪರೀಕ್ಷೆಯ ದಾಖಲೆಯಲ್ಲಿ ಬ್ರೇಕ್ ಕೆಟ್ಟಿದೆ ಎಂದು ಬರೆದಿರಬೇಕು. ಬರೆಯದೆ ಗಾಡಿ ಪಾಸು ಮಾಡಿದರೆ ಬ್ರೇಕ್ ಸರಿಯಿತ್ತೆಂದು ಅವರೇ ಸಹಿ ಹಾಕಿದಂತಾಯಿತು, ಗುದ್ದಿದ್ದು ಓಡಿಸಿದವನ ತಪ್ಪು. ಬರೆದರೋ, ಹೋದ ತಿಂಗಳು ಬ್ರೇಕ್ ಪ್ಯಾಡ್ ಹಾಕಿಸಿದ ಗ್ಯಾರೇಜಿನ ಬಿಲ್ಲು ನಿನ್ನ ಹತ್ತಿರ ಇರಬೇಕು. ಆ ಬಿಲ್ಲು ಹುಡುಕು. ಗ್ಲೋವ್ ಬಾಕ್ಸಿನಲ್ಲಿ ಇರಬಹುದು, ಗಾಡಿ ಗ್ಯಾರೇಜಿಗೆ ಹೋಗುವ ಮೊದಲು ತೆಗೆದುಕೊ.

ಇಷ್ಟು ಹೇಳಿ ನಿನ್ನ ಕಡೆಯ ಮಾತನ್ನೇ ಆಡುತ್ತಿದ್ದೇನೆಂದು ತಿಳಿಯಬೇಡ. ಪರೀಕ್ಷೆಯಲ್ಲಿ ಮುರಿದದ್ದೆಲ್ಲ ಪರೀಕ್ಷೆ ಮಾಡಿದವನ ತಪ್ಪಲ್ಲ. ಹ್ಯಾಂಡ್‌ಬ್ರೇಕ್ ಎಳೆದಾಗ ತುಕ್ಕು ಹಿಡಿದ ಕೇಬಲ್ ಕಿತ್ತು ಬಂತು, ಬ್ರೇಕ್ ಪೆಡಲ್ ಗಟ್ಟಿಯಾಗಿ ತುಳಿದಾಗ ಬಿರುಕು ಬಿಟ್ಟ ಹೋಸ್ ಪೈಪು ಒಡೆಯಿತು ಎನ್ನು. ಅದಕ್ಕಾಗಿಯೇ ಅಲ್ಲವೇ ಪಾಸಿಂಗ್ ಇಟ್ಟಿರುವುದು? ಹತ್ತಿಗೂಡೂರು ಕ್ರಾಸಿನಲ್ಲಿ, ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ತುಂಬಿದಾಗ ಒಡೆಯುವುದಕ್ಕಿಂತ ಆ ಅಂಗಳದಲ್ಲಿ ಒಡೆದದ್ದು ಪುಣ್ಯ. ಅಂಥದ್ದಕ್ಕೆ ಪರಿಹಾರ ಕೇಳಲು ಬಂದವರನ್ನು ನಮ್ಮ ವಕೀಲರು ಚಹಾ ಕುಡಿಸಿ ಮನೆಗೆ ಕಳಿಸುತ್ತಿದ್ದರು.

ನಡುವೆ ಕೆಲವು ಇಕ್ಕಟ್ಟಿನವೂ ಇವೆ. ಡೀಸೆಲ್ ಗಾಡಿಯ ಹೊಗೆ ತಪಾಸಣೆಯನ್ನೇ ತಗೋ. ಗೇರ್ ಇಲ್ಲದೆ ನಿಂತಲ್ಲೇ ಎಕ್ಸಲರೇಟರನ್ನು ಪೂರ್ತಿ ಒತ್ತಿ, ಎಂಜಿನ್ ಗರಿಷ್ಠ ವೇಗಕ್ಕೆ ಏರಿದಾಗ ಬರುವ ಹೊಗೆಯನ್ನು ಅಳೆಯುತ್ತಾರೆ. ಎಂಜಿನ್ ಬಿಸಿಯಾದ ಮೇಲೆಯೇ ಹೀಗೆ ಮಾಡಬೇಕು. ಮುಂಜಾನೆ ತಣ್ಣಗಿನ ಎಂಜಿನ್ ಮೇಲೆ ಮೂರ್ನಾಲ್ಕು ಸಲ ಒತ್ತಿ, ಟೈಮಿಂಗ್ ಬೆಲ್ಟ್ ಹರಿದು, ಎಂಜಿನ್ ಕುಸಿದರೆ ತಪ್ಪು ಯಾರದು? ಬೆಲ್ಟ್ ಬದಲಿಸುವ ಕಿಲೋಮೀಟರು ಮೀರಿದ್ದರೆ ನಿನ್ನದು. ಬೆಲ್ಟ್ ಹೊಸದಿದ್ದು, ತಣ್ಣಗಿದ್ದಾಗಲೇ ಒತ್ತಿದ್ದಕ್ಕೆ ಸಾಕ್ಷಿ ಇದ್ದರೆ ಅವರದು. 1960ರಿಂದ ಕಡ್ಡಾಯ ತಪಾಸಣೆ ನಡೆದುಬಂದಿರುವ ಬ್ರಿಟನ್ನಿನಲ್ಲಿ ಹೊಗೆ ಪರೀಕ್ಷೆಗೆ ಮೊದಲು ಎಣ್ಣೆ ನೋಡುತ್ತಾರೆ, ಬೆಲ್ಟಿನ ಬಗ್ಗೆ ವಿಚಾರಿಸುತ್ತಾರೆ, ಅನುಮಾನ ಬಂದರೆ ಪರೀಕ್ಷೆಯನ್ನೇ ನಿಲ್ಲಿಸಬಹುದು. ನಮ್ಮಲ್ಲಿ ಅವರು ಕೇಳದಿದ್ದರೆ ನೀನೇ ಬಾಯಿ ಬಿಟ್ಟು ಹೇಳು: ‘ಬೆಲ್ಟ್ ಇಂಥಾ ದಿನ ಬದಲಿ ಮಾಡಿಸೀನಿ, ಎಂಜಿನ್ ಸ್ವಲ್ಪ ಬಿಸಿ ಆಗ್ಲಿ ತಡ್ರಿ.’ ಈ ಹೊಗೆ ತಪಾಸಣೆ ಬಿಳಿ ಬೋರ್ಡಿನ ಗಾಡಿಗೂ ತಪ್ಪಿದ್ದಲ್ಲ. ಬಿಎಸ್-4 ಮತ್ತು ಅದರ ನಂತರದ ಗಾಡಿಗೆ ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. ನಿನ್ನ ತಮ್ಮನಿಗೂ ಹೇಳು.

ನಿನ್ನ ಪ್ರಕರಣದಲ್ಲಿ ಈ ಗೊಂದಲ ಇಲ್ಲ. ಕಂಬ ಗಾಡಿಯ ಹಳೆ ರೋಗವಲ್ಲ.

ಯಾರ ಬಾಗಿಲು ಬಡಿಯಬೇಕು ಎಂಬುದು ಮುಂದಿನ ಪ್ರಶ್ನೆ, ಬಹಳ ಮಂದಿ ಎಡವುವುದು ಇಲ್ಲೇ. ಚಾವಿ ಯಾರಿಗೆ ಕೊಟ್ಟಿ, ಫೀ ಯಾರಿಗೆ ಕಟ್ಟಿದಿ ಎಂದು ನೋಡಿಕೊ. ಪಕ್ಕದ ಹೊಲದವನು ಬಿತ್ತನೆಗೆಂದು ನಿನ್ನ ಎತ್ತು ಒಯ್ದು ಸಂಜೆಗೆ ಕುಂಟಿಸಿಕೊಂಡು ತಂದರೆ, ‘ನಾ ಏನೂ ಮಾಡಿಲ್ಲ’ ಎಂದರೆ ಊರು ಕೇಳುತ್ತದೆಯೇ? ಏನಾಯಿತೆಂದು ಹೇಳಬೇಕಾದವನು ಅವನು. 1872ರ ಕರಾರು ಕಾಯ್ದೆಯ 148 ಮತ್ತು 151ನೇ ಸೆಕ್ಷನ್ನುಗಳ ಮರ್ಮವೂ ಇದೇ: ಬೇರೆಯವರ ವಸ್ತುವನ್ನು ಒಂದು ಕೆಲಸಕ್ಕೆಂದು ಕೈಗೆ ತೆಗೆದುಕೊಂಡವನು, ವಿವೇಕವಿರುವ ಮನುಷ್ಯ ತನ್ನ ವಸ್ತುವನ್ನು ಕಾಯುವಷ್ಟೇ ಜೋಪಾನದಿಂದ ಕಾಯಬೇಕು. ‘ವಾಹನಗಳಿಗೆ ಮಾಲೀಕರೇ ಹೊಣೆ’ ಎಂಬ ಬೋರ್ಡು ಗೋಡೆಯ ಮೇಲಿತ್ತೆಂದೆಯಲ್ಲ, ಅದನ್ನು ನೋಡಿ ಹೆದರಬೇಡ. ದಿಲ್ಲಿಯ ತಾಜ್‌ಮಹಲ್ ಹೋಟೆಲಿನಲ್ಲಿ 1998ರಲ್ಲಿ ಅತಿಥಿಯೊಬ್ಬರು ಚಾವಿ ಕೊಟ್ಟು ನಿಲ್ಲಿಸಿದ್ದ ಮಾರುತಿ ಝೆನ್ ಕಳುವಾಯಿತು. ಪಾರ್ಕಿಂಗ್ ಚೀಟಿಯಲ್ಲಿ ಹೊಣೆ ನಮ್ಮದಲ್ಲ ಎಂದು ಅಚ್ಚಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟು, ಚಾವಿ ತೆಗೆದುಕೊಂಡ ಮೇಲೆ ತಮ್ಮ ಕಡೆಯ ಅಜಾಗರೂಕತೆಯನ್ನು ಅಂಥ ಒಂದು ಸಾಲಿನ ಹಿಂದೆ ಮುಚ್ಚಿಡಲಾಗದು, ಸರಿಯಾಗಿ ಕಾದಿದ್ದೆವೆಂದು ತೋರಿಸಬೇಕಾದವರು ಅವರೇ ಎಂದಿತು.

ಖಾಸಗಿಯವರು ನಡೆಸುವ ತಪಾಸಣಾ ಕೇಂದ್ರವಾದರೆ ದಾರಿ ಸಲೀಸು. ಪೆಟ್ರೋಲ್ ಬಂಕಿನ ಬದಿಯ ಹೊಗೆ ತಪಾಸಣೆಯವರೂ, ಈಗ ಒಂದೊಂದಾಗಿ ಬರುತ್ತಿರುವ ಸ್ವಯಂಚಾಲಿತ ತಪಾಸಣಾ ಕೇಂದ್ರಗಳೂ ಈ ಸಾಲಿನವು. ನೆಲಮಂಗಲದಲ್ಲಿ ಅಂಥದ್ದೊಂದು ಇದೆ. ಅಲ್ಲಿ ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಯಂತ್ರವೇ ಬ್ರೇಕ್ ಅಳೆಯುತ್ತದೆ. ಈ ಕೇಂದ್ರದವರು ತಪಾಸಣೆ ಬಿಟ್ಟು ರಿಪೇರಿ ಮಾಡುವಂತಿಲ್ಲ, ಗಾಡಿ ಮಾರುವಂತಿಲ್ಲ ಎಂದು 2021ರ ನಿಯಮಗಳಲ್ಲಿದೆ. ಹಾಗಾಗಿ ‘ಇಲ್ಲೇ ನಮ್ಮ ಹುಡುಗ ಸರಿ ಮಾಡ್ತಾನ, ಗದ್ದಲ ಬ್ಯಾಡ’ ಎಂದು ಯಾರಾದರೂ ಅಂದರೆ ಒಪ್ಪಬೇಡ. ಕೆಡಿಸಿದ್ದಕ್ಕೂ ಸರಿಮಾಡಿದ್ದಕ್ಕೂ ಆಮೇಲೆ ಗುರುತೇ ಸಿಗುವುದಿಲ್ಲ.

ಅಂಥವರ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು. 2019ರ ಕಾಯ್ದೆ ಬಂದ ಮೇಲೆ ಗಾಡಿ ಎಲ್ಲೇ ಮುರಿದಿರಲಿ, ನೀನು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಇ-ಜಾಗೃತಿ ಎಂಬ ಜಾಲತಾಣದಲ್ಲಿ ಮನೆಯಿಂದಲೂ ಸಲ್ಲಿಸಬಹುದು. ಅವಧಿ ಎರಡು ವರ್ಷ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀ ಇಲ್ಲ, ನೀನು ಕೊಟ್ಟದ್ದು ಕೆಲವು ನೂರು. ವಕೀಲರು ಕಡ್ಡಾಯವಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿ ನೋಡು, ಸಣ್ಣ ಮೊತ್ತದವು ಅಲ್ಲೇ ಬಗೆಹರಿಯುವುದುಂಟು. ‘ಇದು ಬಾಡಿಗೆ ಗಾಡಿ, ವ್ಯಾಪಾರದ್ದು, ಗ್ರಾಹಕ ಅಲ್ಲ’ ಎಂಬ ತಕರಾರು ಬಂದೇ ಬರುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನನ್ನು ಕಾಯ್ದೆ ವ್ಯಾಪಾರಿಯೆಂದು ಎಣಿಸುವುದಿಲ್ಲ. ಆಟೊ ಕೊಂಡು ತಾನೇ ಓಡಿಸಿ ಬದುಕುವವನು ಗ್ರಾಹಕನೇ ಎಂದು 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಉದಾಹರಣೆ ಕೊಟ್ಟೇ ಹೇಳಿದೆ. ಡ್ರೈವರುಗಳನ್ನಿಟ್ಟು ನಾಲ್ಕು ಗಾಡಿ ಓಡಿಸುವವನಾದರೆ ಈ ಮಾತು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ನಿನ್ನದು ಒಂದೇ ಗಾಡಿ, ಓಡಿಸುವವನೂ ನೀನೇ.

ಸರ್ಕಾರಿ ಅಂಗಳವಾದರೆ ದಾರಿ ತುಸು ಉದ್ದ. ಫಿಟ್‌ನೆಸ್ ಕೊಡುವುದು ಕಾನೂನು ಹೊರಿಸಿದ ಕರ್ತವ್ಯ, ಮಾರಾಟದ ಸೇವೆಯಲ್ಲ ಎಂದು ವಾದಿಸಿ ಗ್ರಾಹಕರ ಆಯೋಗದ ಬಾಗಿಲಲ್ಲೇ ತಡೆಯಲು ನೋಡುತ್ತಾರೆ. ಆಗ ಸಿವಿಲ್ ದಾವೆಯೇ ಗತಿ. ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ನಿನಡಿ ಎರಡು ತಿಂಗಳ ನೋಟಿಸು ಕೊಡಬೇಕು. ರಾಜ್ಯ ಸರ್ಕಾರಕ್ಕೆ ಕೊಡುವುದಾದರೆ ಜಿಲ್ಲಾಧಿಕಾರಿಗಳಿಗೂ ಕೊಡಬಹುದು, ಯಾದಗಿರಿ ನಮಗೇನು ದೂರವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ವರ್ಷದ ಲೆಕ್ಕ ನೆನಪಿಡು. ಹಣ ವಸೂಲಿಗೆ ಮೂರು ವರ್ಷ ಇದೆ ಎಂದು ಎಲ್ಲರಿಗೂ ಬಾಯಿಪಾಠ. ಆದರೆ ಕಾನೂನಿನ ಅಧಿಕಾರದಡಿ ಮಾಡಿದ ಕೆಲಸದಿಂದಾದ ನಷ್ಟಕ್ಕೆ ಪರಿಹಾರ ಕೇಳುವ ದಾವೆಗೆ ಪರಿಮಿತಿ ಕಾಯ್ದೆಯ 72ನೇ ಅನುಚ್ಛೇದ ಒಂದೇ ವರ್ಷ ಕೊಡುತ್ತದೆ. ನೋಟಿಸಿನ ಎರಡು ತಿಂಗಳನ್ನು ಈ ವರ್ಷದ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಜ. ಹಾಗೆಂದು ಆ ಎರಡು ತಿಂಗಳ ಮೇಲೆ ಆಟ ಆಡಬೇಡ.

‘ಸರ್ಕಾರದ ಮ್ಯಾಲ ಹೋಗಿ ಗೆದ್ದವರು ಯಾರದಾರ’ ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರು ಕೇಳುತ್ತಾರೆ. 1861ರಲ್ಲೇ ಗೆದ್ದಿದ್ದಾರೆ ಎಂದು ಹೇಳು. ಕಲ್ಕತ್ತೆಯ ಖಿದಿರ್‌ಪುರದ ಸರ್ಕಾರಿ ಹಡಗುಕಟ್ಟೆಯ ದಾರಿಯಲ್ಲಿ ಪಿ ಆ್ಯಂಡ್ ಒ ಹಡಗು ಕಂಪನಿಯ ಕುದುರೆಗಾಡಿ ಹೋಗುತ್ತಿತ್ತು. ಸರ್ಕಾರದ ಆಳುಗಳು ಹೊತ್ತೊಯ್ಯುತ್ತಿದ್ದ ದೊಡ್ಡ ಕಬ್ಬಿಣದ ತುಂಡನ್ನು ಧಡಾರನೆ ಕೆಡವಿದರು. ಕುದುರೆ ಬೆದರಿ ಗಾಯ ಮಾಡಿಕೊಂಡಿತು. ಕಂಪನಿ ಕೇಳಿದ್ದು 350 ರೂಪಾಯಿ. ಇಂಥ ಕೆಲಸದಲ್ಲಿ ಆಳುಗಳು ಮಾಡಿದ ಅಜಾಗರೂಕತೆಗೆ ಸರ್ಕಾರವೂ ಹೊಣೆ ಎಂದು ಮುಖ್ಯ ನ್ಯಾಯಮೂರ್ತಿ ಬಾರ್ನೆಸ್ ಪೀಕಾಕ್ ತೀರ್ಪಿತ್ತರು. ವಾಹನದ ನಷ್ಟಕ್ಕೆ ಸರ್ಕಾರದಿಂದ ಪರಿಹಾರ ಕೇಳಿದ ಆ ಹಳೇ ತೀರ್ಪನ್ನು ಇವತ್ತಿಗೂ ವಕೀಲರು ಎತ್ತಿ ಓದುತ್ತಾರೆ.

ನಡುವೆ ಅಡ್ಡಗಾಲೂ ಬಂದಿದೆ. ಪೊಲೀಸರ ವಶದಲ್ಲಿದ್ದ ಚಿನ್ನ ಹೋದರೂ ಸರ್ಕಾರ ಹೊಣೆಯಲ್ಲವೆಂದು 1965ರಲ್ಲಿ ಕಸ್ತೂರಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರ್ಕಾರಿ ವಕೀಲರು ಇದನ್ನೇ ಮುಂದಿಡುತ್ತಾರೆ. ಆದರೆ ಎರಡೇ ವರ್ಷಕ್ಕೆ, 1967ರಲ್ಲಿ, ಗುಜರಾತಿನ ಮೇಮನ್ ಮಹಮದ್ ಪ್ರಕರಣ ಬಂತು. ಜುನಾಗಢದಲ್ಲಿ ಸುಂಕದವರು ಹಿಡಿದಿಟ್ಟ ಎರಡು ಲಾರಿ, ಒಂದು ಸ್ಟೇಷನ್ ವ್ಯಾಗನ್ ಮಾಲೀಕನಿಗೆ ಹೊಳ್ಳಿ ಸಿಗುವ ಮೊದಲೇ ಮಾರಾಟವಾಗಿದ್ದವು. ಹಿಡಿದಿಟ್ಟವರಿಗೆ ಕಾಯುವ ಹೊಣೆಯೂ ಇದೆ ಎಂದು ಅದೇ ಕೋರ್ಟು ಹೇಳಿತು. ನಮ್ಮ ರಾಜ್ಯದ ಹೆಣ್ಣುಮಗಳೊಬ್ಬಳ ಪ್ರಕರಣವೂ ಇದೆ, ಬಸವ್ವ ಕೋಂ ದ್ಯಾಮನಗೌಡ ಪಾಟೀಲ ವಿರುದ್ಧ ಮೈಸೂರು ರಾಜ್ಯ, 1977. ಕಳುವಾಗಿ ಸಿಕ್ಕ ಒಡವೆ ಪೊಲೀಸರ ಸುಪರ್ದಿನಲ್ಲಿ ಮಾಯವಾದವು. ಸರಿಯಾಗಿ ಕಾದಿದ್ದೆವು ಎಂದು ತೋರಿಸಲಾರದ ಮೇಲೆ ಬೆಲೆ ಕಟ್ಟಿಕೊಡಿ ಎಂದಿತು ಸುಪ್ರೀಂ ಕೋರ್ಟು. 1994ರ ನಾಗೇಂದ್ರ ರಾವ್ ತೀರ್ಪು, ಜಪ್ತಿ ಮಾಡಿದ ಗೊಬ್ಬರ-ಧಾನ್ಯ ಕೆಟ್ಟದ್ದಕ್ಕೆ ಸರ್ಕಾರವನ್ನೇ ಹೊಣೆ ಮಾಡಿತು. ಈ ಹೆಸರುಗಳನ್ನು ನೀನು ಹೇಳಬೇಕಾಗಿಲ್ಲ. ‘ಆಗೋದಿಲ್ಲ’ ಎನ್ನುವವರ ಮುಂದೆ ತಲೆ ತಗ್ಗಿಸದಿದ್ದರೆ ಸಾಕು.

ಅಪಘಾತವಾದ ಗಾಡಿ ಠಾಣೆಯಲ್ಲಿ ನಿಂತು, ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರು ಬಂದು ನೋಡುವ ತನಕ ಕಾಯುವುದು ಬೇರೆಯದೇ ಗೋಳು. ನಿನಗೆ ಅದು ಬಾರದಿರಲಿ. ಬಂದರೆ ಮೋಟಾರು ವಾಹನ ಕಾಯ್ದೆಯ 136ನೇ ಸೆಕ್ಷನ್ ನೆನಪಿರಲಿ: ತಪಾಸಣೆಗೆಂದು ಒಯ್ದ ಗಾಡಿಯನ್ನು 24 ಗಂಟೆಯೊಳಗೆ ಹೊಳ್ಳಿ ಕೊಡಬೇಕು. ಪ್ರಕರಣದಲ್ಲಿ ಜಪ್ತಿಯಾಗಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಬ್ಯಾಟರಿ, ಸ್ಟೆಪ್ನಿ, ಟೇಪು ಎಲ್ಲ ಪಂಚನಾಮೆಯಲ್ಲಿ ಬರೆಸಿಯೇ ಮನೆಗೆ ಬಾ. ಇನ್ನು, ಸಾಲಿನಲ್ಲಿ ನಿಂತಾಗ ಹಿಂದಿನ ಲಾರಿಯವನು ಬಂದು ಗುದ್ದಿದರೆ ಅದು ಪಾಸಿಂಗಿನವರ ತಂಟೆಯಲ್ಲ. ಆ ಲಾರಿಯ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆ, ಮೋಟಾರು ಅಪಘಾತ ನ್ಯಾಯಮಂಡಳಿ ಇದೆ. ಆರು ತಿಂಗಳೊಳಗೆ ಹೋಗಬೇಕು.

ನಿನ್ನ ಸ್ವಂತ ಇನ್ಶೂರೆನ್ಸಿನ ಮಾತು. ಬಂಪರ್ ಬಿಚ್ಚುವ ಮೊದಲು ಕಂಪನಿಗೆ ತಿಳಿಸು, ಕೇಳಿದರೆ ಸರ್ವೇಯರ್ ಬಂದು ನೋಡಲಿ. ಆದರೆ ಕ್ಲೇಮು ಹಾಕುವ ಮೊದಲು ಕೂತು ಲೆಕ್ಕ ಮಾಡು. ಝೀರೊ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಸಾಮಾನಿಗೆ ಶೇಕಡ 50 ಸವಕಳಿ ಕಡಿಯುತ್ತಾರೆ, ಬಂಪರ್ ಆ ಲೆಕ್ಕಕ್ಕೇ ಬರುತ್ತದೆ. 5 ವರ್ಷ ದಾಟಿ 10ರೊಳಗಿರುವ ಗಾಡಿಯ ಲೋಹದ ಭಾಗಕ್ಕೆ 40. ಮೇಲೆ ನಿನ್ನ ಕೈಯಿಂದ ಹಾಕುವ ಪಾಲು ಬೇರೆ. ಅಂದರೆ 12,000ದ ಬಿಲ್ಲಿಗೆ ಐದಾರು ಸಾವಿರ ಬಂದೀತು. ಈಗ ನಿನಗೆ ನೋ ಕ್ಲೇಮ್ ಬೋನಸ್ ಶೇಕಡ 35 ಇದೆ ಎಂದಿಟ್ಟುಕೊ, ಸ್ವಂತ ಹಾನಿಯ ಪ್ರೀಮಿಯಂ 8,000 ಎಂದಿಟ್ಟುಕೊ. ವರ್ಷಕ್ಕೆ 2,800 ಉಳಿಯುತ್ತಿತ್ತು. ಕ್ಲೇಮು ಹಾಕಿದರೆ ಅದು ಸೊನ್ನೆಗೆ ಇಳಿಯುತ್ತದೆ, ಮತ್ತೆ 20, 25 ಎಂದು ಮೆಟ್ಟಿಲು ಹತ್ತಬೇಕು. ಎರಡು ವರ್ಷದಲ್ಲಿ ಬಂದದ್ದರ ಬಹುಪಾಲು ಹೋಯಿತು. ರೇಡಿಯೇಟರಿನ ಹಿಂದೆ ಎಂಜಿನ್ನಿಗೂ ಪೆಟ್ಟಾಗಿದೆ ಎಂದು ಮೇಸ್ತ್ರಿ ಹೇಳಿದರೆ ಮಾತ್ರ ಕ್ಲೇಮು ಲಾಭ. ಕ್ಲೇಮು ಪಡೆದರೆ ಕಂಪನಿ ಕೊಟ್ಟ ಮೊತ್ತವನ್ನು ಪಾಸಿಂಗಿನವರ ಹತ್ತಿರ ಮತ್ತೆ ಕೇಳುವಂತಿಲ್ಲ. ಅದನ್ನು ಅವರಿಂದ ವಸೂಲು ಮಾಡುವ ಹಕ್ಕು ಕಂಪನಿಗೆ ಹೋಗುತ್ತದೆ. ಕಂಪನಿ ಕಡಿದದ್ದನ್ನು ಮಾತ್ರ ನೀನು ಕೇಳಬಹುದು. ಇನ್ನು ಫಿಟ್‌ನೆಸ್ ಅವಧಿ ಮುಗಿದಿದ್ದರೆ ಕಂಪನಿಯವರು ಅದನ್ನೇ ನೆಪ ಮಾಡಿ ಕೈ ಎತ್ತುವುದುಂಟು. ಮುಂದಿನ ವರ್ಷ ಕೊನೆಯ ದಿನದ ತನಕ ಕಾಯದೆ ಹತ್ತಿಪ್ಪತ್ತು ದಿನ ಮೊದಲೇ ಒಯ್ಯಿ.

ಎಷ್ಟು ಕೇಳಬೇಕು? ಇಲ್ಲಿ ಮಂದಿ ಬುದ್ಧಿ ಕಳೆದುಕೊಳ್ಳುತ್ತಾರೆ. ಹನ್ನೆರಡು ಸಾವಿರದ ನಷ್ಟಕ್ಕೆ ಎರಡು ಲಕ್ಷ ಮಾನಸಿಕ ಹಿಂಸೆ ಎಂದು ಬರೆಸುತ್ತಾರೆ. ಓದಿದವರಿಗೆ ಮೊದಲ ಪುಟದಲ್ಲೇ ಇವನು ಲೆಕ್ಕದ ಮನುಷ್ಯನಲ್ಲ ಎನಿಸುತ್ತದೆ. ಎರಡು ಗ್ಯಾರೇಜಿನ ಎಸ್ಟಿಮೇಟು ತೆಗೆದುಕೊ, ಒಂದು ಕಂಪನಿಯ ಶೋರೂಮಿನದು, ಒಂದು ನಮ್ಮ ಊರಿನದು. ಕೆಲಸ ಮುಗಿದ ಮೇಲೆ ಜಿಎಸ್‌ಟಿ ಬಿಲ್ಲು. ಗಾಡಿ ಎಳೆದು ತಂದ ಖರ್ಚು. ಗಾಡಿ ನಿಂತ ದಿನಗಳ ದುಡಿಮೆ. ಈ ಕೊನೆಯದಕ್ಕೆ ನಿನ್ನ ಬಾಯಿಮಾತು ನಡೆಯುವುದಿಲ್ಲ. ಹಿಂದಿನ ಎರಡು-ಮೂರು ತಿಂಗಳ ಬಾಡಿಗೆ ಫೋನ್‌ಪೇಯಲ್ಲಿ ಬಂದದ್ದರ ಪಟ್ಟಿ ತೆಗೆಸು, ಡೀಸೆಲ್ ಕಳೆದು ದಿನಕ್ಕೆಷ್ಟು ಉಳಿಯಿತೆಂದು ತೋರಿಸು. ಭೀಮರಾಯನಗುಡಿಯಿಂದ ದಿನಾ ಶಾಲೆಮಕ್ಕಳನ್ನು ಒಯ್ಯುತ್ತೀಯಲ್ಲ, ಆ ತಂದೆತಾಯಿಯರಲ್ಲಿ ಒಬ್ಬರು ಇಷ್ಟು ದಿನ ಗಾಡಿ ಬರಲಿಲ್ಲ ಎಂದು ಬರೆದುಕೊಟ್ಟರೆ ಇನ್ನೂ ಗಟ್ಟಿ. ರಿಪೇರಿಗೆ ನಾಲ್ಕು ದಿನ ಸಾಕಾಗಿದ್ದಾಗ ಇಪ್ಪತ್ತು ದಿನ ನಿಲ್ಲಿಸಿ ಎಲ್ಲದಕ್ಕೂ ಲೆಕ್ಕ ಕೇಳಬೇಡ, ನಷ್ಟವನ್ನು ಹಿಗ್ಗಿಸದಿರುವುದು ನಿನ್ನ ಮೇಲಿನ ಹೊಣೆ. ಹಳೇ ಬಂಪರಿಗೆ ಹೊಸ ಬಂಪರು ಬಂತೆಂದು ಅವರು ಸ್ವಲ್ಪ ಕಡಿಮೆ ಮಾಡಿ ಎಂದರೆ ಅದರಲ್ಲೂ ತಕ್ಕಮಟ್ಟಿನ ನ್ಯಾಯವಿದೆ, ಅದಕ್ಕೆ ಹಟ ಹಿಡಿಯಬೇಡ.

ಇಂಥವು ಬಹಳಷ್ಟು ಕೋರ್ಟಿನ ಮೆಟ್ಟಿಲು ಹತ್ತದೆಯೇ ಮುಗಿಯುತ್ತವೆ. ಠಸ್ಸೆ ಬಿದ್ದ ಅರ್ಜಿ, ಎಸ್ಟಿಮೇಟು, ಬ್ರೇಕಿನ ಬಿಲ್ಲು ಮೂರೂ ಸೇರಿಸಿದ ನೋಟಿಸು ಹೋದ ಮೇಲೆ ಆ ಕಡೆಯಿಂದ ಯಾರಾದರೂ ಹಿರಿಯರನ್ನು ಮುಂದೆ ಮಾಡಿಕೊಂಡು ಬರುತ್ತಾರೆ. ಬಂದವರ ಜೊತೆ ಮಾತಾಡು, ಕುರ್ಚಿ ಕೊಡು, ಚಹಾ ಕುಡಿಸು. ಕೊಟ್ಟ ರೊಕ್ಕ ಚೆಕ್ಕಿನಲ್ಲೋ ಖಾತೆಗೋ ಬರಲಿ. ‘ಇನ್ನಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ರೊಕ್ಕ ಕೈಗೆ ಬರುವ ಮೊದಲು ಸಹಿ ಹಾಕಬೇಡ. ಗಾಡಿ ಹೊಳ್ಳಿ ಪಡೆದ ರಿಜಿಸ್ಟರಿನಲ್ಲಿ ‘ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂದು ಅಚ್ಚಾಗಿರುತ್ತದೆ. ಸಹಿ ಮಾಡಿಯೇಬಿಟ್ಟಿದ್ದರೆ, ಅದೇ ದಿನ ತೆಗೆದ ಫೋಟೊ ಮತ್ತು ನಿನ್ನ ಅರ್ಜಿಯೇ ಅದಕ್ಕೆ ಉತ್ತರ. ಅದಕ್ಕೇ ಅರ್ಜಿ ಲಗೂನ ಬರಿ ಎಂದದ್ದು. ಮಾತುಕತೆ ಮುರಿದುಬಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ದಾವೆಗೆ ಮೊದಲೇ ಲೋಕ ಅದಾಲತ್‌ನಲ್ಲಿ ಕೂಡಿಸಿ ರಾಜಿ ಮಾಡಿಸುತ್ತಾರೆ, ಕೋರ್ಟ್ ಫೀ ಇಲ್ಲ, ಅಲ್ಲಿ ಆದದ್ದಕ್ಕೆ ಮೇಲ್ಮನವಿಯೂ ಇಲ್ಲ. ಹಾಗಾಗಿ ಅಲ್ಲಿ ಒಪ್ಪುವ ಮೊದಲು ಎರಡು ಸಲ ಯೋಚಿಸು.

ಸದ್ಯಕ್ಕೆ ಇಷ್ಟು ಮಾಡು. ಒಡೆದ ಬಂಪರು, ಹೆಡ್‌ಲೈಟು, ರೇಡಿಯೇಟರು ಯಾವುದನ್ನೂ ಗುಜರಿಗೆ ಹಾಕಬೇಡ ಎಂದು ಮೇಸ್ತ್ರಿಗೆ ಇವತ್ತೇ ಫೋನು ಮಾಡಿ ಹೇಳು, ಅವರು ಹಳೇ ಸಾಮಾನು ಬಿಟ್ಟುಕೊಳ್ಳುವವರಲ್ಲ. ಕಂಬದ ಬಣ್ಣ ಬಂಪರಿಗೆ ಹತ್ತಿದ್ದರೆ ಅದನ್ನು ತೊಳೆಯದಿರಲಿ. ಅರ್ಜಿಯ ಕರಡು ಬರೆದು ನಾಳೆ ಸಂಜೆ ಮನೆಗೆ ತಾ. ಶಿರವಾಳದ ನಿನ್ನ ದೋಸ್ತ ಅಲ್ಲಿದ್ದನಂತಲ್ಲ, ಅವನನ್ನೂ ಕರೆದುಕೊಂಡು ಬಾ. ಕಂಡದ್ದನ್ನು ಕಂಡಹಾಗೆ ಅವನು ಬರೆದು ಸಹಿ ಹಾಕುತ್ತಾನೋ ಇಲ್ಲವೋ ಎಂದು ನಾನೇ ಕೇಳುತ್ತೇನೆ.